ಕಂಬದ ಬುಡದಲ್ಲಿ ಓದುವ ಪರದೆ

ಅದು 2004ನೆಯ ಇಸವಿ. ನಾನು ಕಲಬುರಗಿಯಲ್ಲಿ ವಿದ್ಯುತ್ ಸರಬರಾಜಿನ ಟೆಸ್ಟಿಂಗ್ ವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಆಗಿದ್ದೆ. ಮೀಟರ್, ರಿಲೇ, ರಬ್ಬರ್ ಕೈಗವಸು, ಏನೇ ಕೊಳ್ಳುವುದಿದ್ದರೂ ಅದು ನನ್ನ ಮೇಜಿಗೆ ಬಂದು, ನನ್ನ ಸಹಿ ಬಿದ್ದ ಮೇಲೆಯೇ ಮುಂದೆ ಹೋಗಬೇಕಿತ್ತು. ಆ ಸಹಿಯ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಜಂಬವಿತ್ತು. ನಿವೃತ್ತಳಾದ ಮೇಲೂ ಅದು ಪೂರ್ತಿ ಇಳಿದಿಲ್ಲ. ಆದರೆ ಇಲ್ಲಿ ಹೇಳಹೊರಟಿರುವುದು ನಾನೇ ಹಾಕಿ, ನಾನೇ ಅಡ್ಡಗೆರೆ ಎಳೆದ ಒಂದು ಸಹಿಯ ಕಥೆ.

ಆ ವರ್ಷ ನಮ್ಮ ಲೈನ್‌ಮನ್‌ಗಳಿಗೆ ಮೊಬೈಲ್ ಫೋನ್ ಕೊಡುವ ಯೋಜನೆ ಬಂತು. ಕಾರಣ 'ಲೈನ್ ಕ್ಲಿಯರ್'. ಕಂಬ ಹತ್ತುವ ಮೊದಲು, ಆ ಕಂಬದ ಮೇಲಿನ ತಂತಿಗೆ ವಿದ್ಯುತ್ ಬಂದ್ ಮಾಡಲಾಗಿದೆ ಎಂದು ಸಬ್‌ಸ್ಟೇಷನ್ನಿನಿಂದ ಸಿಗುವ ಅನುಮತಿಗೆ ಈ ಹೆಸರು. ಅದರಲ್ಲಿ ಫೀಡರ್‌ನ, ಅಂದರೆ ಸಬ್‌ಸ್ಟೇಷನ್ನಿನಿಂದ ಒಂದೊಂದು ಭಾಗಕ್ಕೆ ಹೊರಡುವ ಲೈನಿನ, ನಂಬರ್ ಇರುತ್ತದೆ. ಅಲ್ಲಿಯವರೆಗೆ ಒಬ್ಬ ಮನುಷ್ಯ ಸೈಕಲ್ ಮೇಲೆ ಚೀಟಿ ಒಯ್ಯುತ್ತಿದ್ದ. ಇನ್ನು ಮುಂದೆ ನಂಬರ್ ಮೆಸೇಜಿನಲ್ಲಿ ನೇರವಾಗಿ ಲೈನ್‌ಮನ್ ಕೈಗೇ ಹೋಗಬೇಕಿತ್ತು. ತಂತಿಯನ್ನು ನೆಲಕ್ಕೆ ಜೋಡಿಸಿ ಅರ್ಥ್ ಮಾಡುವುದು ಮುಂತಾದ ಎಚ್ಚರಿಕೆಗಳು ಆಮೇಲೆ. ಎಲ್ಲಕ್ಕೂ ಮೊದಲು ಆ ನಂಬರ್ ಸರಿಯಿರಬೇಕು.

ಎರಡು ಮಾದರಿಗಳು ಬಂದವು. ಎರಡರದ್ದೂ ಎಲ್‌ಸಿಡಿ ಪರದೆಯೇ, ಆದರೆ ಕೆಲಸ ಮಾಡುವ ರೀತಿ ಬೇರೆ. ಒಂದು ಬಣ್ಣದ್ದು: ಪರದೆಯ ಹಿಂದೆ ಪುಟ್ಟ ದೀಪ, ಅದರ ಬೆಳಕು ಮುಂದೆ ಸೋಸಿ ಬಂದು ಚಿತ್ರ ಕಾಣಿಸುತ್ತದೆ. ಇನ್ನೊಂದು ಬೂದು ಬಣ್ಣದ ನೆಲದ ಮೇಲೆ ಕಪ್ಪು ಅಕ್ಷರದ್ದು: ಹೊರಗಿನಿಂದ ಬಿದ್ದ ಬೆಳಕನ್ನೇ ಹಿಂದಿರುಗಿಸಿ ಅಕ್ಷರ ತೋರಿಸುತ್ತದೆ. ಅಧೀಕ್ಷಕ ಎಂಜಿನಿಯರ್, ನಮ್ಮ ಬಾಯಲ್ಲಿ ಎಸ್.ಇ. ಸಾಹೇಬರು, ತಮ್ಮ ಚೇಂಬರಿನಲ್ಲಿ ಸಭೆ ಕರೆದರು. ಎ.ಸಿ. ಗುಂಯ್ ಎನ್ನುತ್ತಿತ್ತು, ಕಿಟಕಿಗೆ ದಪ್ಪ ಪರದೆ ಎಳೆದಿತ್ತು. ಬಣ್ಣದ ಫೋನಿನಲ್ಲಿ ಒಂದು ಗುಲಾಬಿ ಹೂವು ಅರಳಿ ಕೂತಿತ್ತು.

"ಮೇಡಮ್, ಸೂಪರ್ ಮಾರ್ಕೆಟ್ ಬಜಾರ್‌ನಾಗ ಎಲ್ಲಾರ ಕೈಯಾಗೂ ಕಲರ್ ಫೋನ್ ಬಂದಾವ. ನಮ್ಮ ಲೈನ್‌ಮನ್‌ಗೋಳಿಗೆ ಮಾತ್ರ ಈ ಡಬ್ಬಾ ಕೊಡಬೇಕೇನ್ರೀ?" ಎಂದರು ಸಾಹೇಬರು.

ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬಿಸಿಲಲ್ಲಿ ದುಡಿಯುವವರಿಗೆ ಒಳ್ಳೆಯದನ್ನೇ ಕೊಡಬೇಕೆಂಬ ಆಸೆ ನನಗೂ ಇತ್ತು. ಎರಡನ್ನೂ ಹಿಡಿದು ನೋಡಿದೆ. ಬಣ್ಣದ್ದರ ಅಕ್ಷರ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. 'ಬಣ್ಣದ ಪರದೆ ಸೂಕ್ತ' ಎಂದು ಟಿಪ್ಪಣಿ ಬರೆದು ಸಹಿ ಹಾಕಿದೆ. ಬೇರೆಯವರ ತಪ್ಪು ಹುಡುಕಿ ಸಂಬಳ ಪಡೆಯುವ ನಾನು ಅಂದು ಮಾಡಿದ ಪರೀಕ್ಷೆ ಇಷ್ಟೇ.

ಮರುದಿನ ಬೆಳಿಗ್ಗೆ ಕಮಲಾಪುರದ ಹಿರಿಯ ಲೈನ್‌ಮನ್ ಮೆಹಬೂಬ್ ಸಾಬ್ ತಮ್ಮ ತಂಡದ ರಬ್ಬರ್ ಕೈಗವಸುಗಳನ್ನು ಪರೀಕ್ಷೆಗೆ ತಂದರು. ಇವರದ್ದೊಂದು ಹಟ ಇಡೀ ವಿಭಾಗಕ್ಕೇ ಗೊತ್ತಿತ್ತು. ಲೈನ್ ಕ್ಲಿಯರ್ ಚೀಟಿಯನ್ನು ತಮ್ಮ ಕಣ್ಣಿಂದ ನೋಡಿ, ಕಂಬದ ಬುಡದಲ್ಲಿ ನಿಂತು ನಂಬರನ್ನು ಮೂರು ಸಲ ಗಟ್ಟಿಯಾಗಿ ಓದದೆ ಅವರು ಹತ್ತುತ್ತಿರಲಿಲ್ಲ. ಎಂಜಿನಿಯರೇ ಬಂದು ಹೇಳಿದರೂ "ಕಾಗದ ತೋರಸ್ರೀ" ಎನ್ನುತ್ತಿದ್ದರು. ಅವರ ತಂಡವೂ ಅದನ್ನೇ ಕಲಿತಿತ್ತು. ಕೆಲವು ಅಧಿಕಾರಿಗಳಿಗೆ ಇದು ಸೊಕ್ಕಾಗಿ ಕಾಣುತ್ತಿತ್ತು.

ಒಂದು ಮಾದರಿ ಮೆಸೇಜು ತೆರೆದು, ಬಣ್ಣದ ಫೋನನ್ನು ಖುಷಿಯಿಂದ ಅವರ ಕೈಗಿಟ್ಟೆ. ಅವರು ಅದನ್ನು ನನ್ನ ಕೋಣೆಯಲ್ಲಿ ನೋಡಲೇ ಇಲ್ಲ. ನೇರ ಅಂಗಳಕ್ಕೆ ನಡೆದು, ಬಿಸಿಲಲ್ಲಿ ನಿಂತು, ಆಚೆ ಈಚೆ ತಿರುಗಿಸಿದರು.

"ಮೇಡಮ್ ರೀ, ಇದ್ರಾಗ ನಂಬರ್ ಇಲ್ರಿ. ನನ್ನ ಮಾರಿನೇ ಕಾಣ್ಲಾಕತ್ತದ."

ಹತ್ತಿರ ಹೋಗಿ ನೋಡಿದೆ. ನಿಜ. ಗಾಜಿನಲ್ಲಿ ಅವರ ಬಿಳಿ ಗಡ್ಡ, ಹಿಂದೆ ಆಕಾಶ. ಮೆಸೇಜು ಮಾತ್ರ ಮಾಯ. ಸೂರ್ಯನ ಮುಂದೆ ಆ ಪುಟ್ಟ ದೀಪದ ಆಟ ನಡೆಯುತ್ತಿರಲಿಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. ಊಟದ ಹೊತ್ತಿಗೆ ಎರಡೂ ಫೋನ್ ಹಿಡಿದು ಊರೊಳಗೇ ಇದ್ದ ಗಾಜಿಪುರದ ನಮ್ಮ ಮನೆಗೆ ಹೋಗಿ, ಸಂಡಿಗೆ ಒಣಹಾಕಿದ್ದ ಮಾಳಿಗೆ ಏರಿದೆ. "ಊಟಾ ಬಿಟ್ಟು ಬಿಸಲಾಗ ಏನ್ ಹುಡ್ಕಾಕತ್ತೀ?" ಎಂದು ಅತ್ತೆಯವರು ಕೆಳಗಿನಿಂದ ಕೂಗಿದರು. ನಾನು ಹುಡುಕುತ್ತಿದ್ದುದು ನಂಬರನ್ನು. ಬೂದು ಪರದೆಯಲ್ಲಿ ಬಿಸಿಲು ಏರಿದಷ್ಟೂ ಅಕ್ಷರ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಬಣ್ಣದ್ದರಲ್ಲಿ ನನ್ನ ಕುಂಕುಮ ಕಂಡಿತು. ನಾಚಿಕೆಯಾಯಿತು.

ಸಂಜೆ ಎಸ್.ಇ. ಸಾಹೇಬರ ಮುಂದೆ ನಿಂತೆ. "ಸರ್, ನಾನು ಬರೆದದ್ದು ತಪ್ಪು ಅದ. ಕಮಲಾಪುರದಾಗ ಮಧ್ಯಾಹ್ನ ಒಂದು ಪರೀಕ್ಷೆ ಮಾಡೋಣು. ತಾವೂ ಬರಬೇಕು."

"ಸಹಿ ಹಾಕಿ ಕೊಟ್ಟೀರಿ, ಈಗ ತಪ್ಪಂತೀರಿ. ಮಂದಿ ಏನಂದಾರು?"

"ನನಗ ಏನಾರ ಅನ್ಲಿ ಸರ್. ಕಂಬದ ಬುಡಕ್ಕ ಚೇಂಬರ್ ಇರೂದಿಲ್ಲ."

ಸಾಹೇಬರ ಮುಖ ಕೆಂಪಾಯಿತು. ಆದರೆ ಬರುತ್ತೇನೆಂದರು, ಬಂದರು ಕೂಡ.

ಅದು ಮೇ ತಿಂಗಳು. ಕಮಲಾಪುರದ ಹೊರಗೆ ಎರಡು ಲೈನುಗಳು ರಸ್ತೆಯ ಎಡಬಲಕ್ಕೆ ಜೊತೆಯಾಗಿ ಸಾಗುವ ಜಾಗದಲ್ಲಿ ನಿಂತೆವು. ಬಾಳೆ ತೋಟಗಳ ಪಂಪ್‌ಸೆಟ್ಟಿಗೆ ಹೋಗುವುದು ಮೂರನೇ ಫೀಡರ್, ಊರಿನದ್ದು ಎಂಟನೆಯದು. ಯಾರೂ ಕಂಬ ಮುಟ್ಟಬಾರದು, ಬರೀ ಓದಬೇಕು ಎಂದು ಮೊದಲೇ ಕಟ್ಟುನಿಟ್ಟು ಮಾಡಿದ್ದೆ. ಏಳು ಮಂದಿ ಲೈನ್‌ಮನ್‌ಗಳು ಸಾಲಾಗಿ ನಿಂತರು. ಸಬ್‌ಸ್ಟೇಷನ್ನಿನಿಂದ ಎರಡೂ ಫೋನಿಗೆ ಒಂದೇ ಮೆಸೇಜು ಬಂತು.

ಮೊದಲು ಬಣ್ಣದ್ದು. ಇಬ್ಬರು ಟವೆಲ್ ಮುಸುಕು ಹಾಕಿಕೊಂಡು ಓದಿ, ನಂಬರನ್ನು ನನ್ನ ಕಿವಿಯಲ್ಲಿ ಹೇಳಿದರು. ಮೂವರು ಕಾಣುವುದಿಲ್ಲ ಎಂದು ಕೈಚೆಲ್ಲಿದರು. ಆರನೆಯವರು ಶರಣಪ್ಪ; ಹತ್ತು ವರ್ಷ ಕಂಬ ಹತ್ತಿದ ಅನುಭವಿ. ಕಣ್ಣು ಕಿರಿದು ಮಾಡಿ, ವಾಡಿಕೆಯಂತೆ ಗಟ್ಟಿಯಾಗಿ ಓದಿದರು: "ಫೀಡರ್ ಎಂಟು ಬಂದ್ ಆಗ್ಯಾದ! ಫೀಡರ್ ಎಂಟು ಬಂದ್ ಆಗ್ಯಾದ!"

ಮೆಸೇಜಿನಲ್ಲಿ ಇದ್ದದ್ದು ಮೂರು.

ಮೂರನೇ ಸಲ ಓದಲು ಅವರ ಬಾಯಿ ತೆರೆಯುವಷ್ಟರಲ್ಲಿ ಬೂದು ಫೋನು ಹಿಡಿದು ಏಳನೆಯವರಾಗಿ ನಿಂತಿದ್ದ ಮೆಹಬೂಬ್ ಸಾಬ್ ಶರಣಪ್ಪನವರ ಭುಜ ಹಿಡಿದರು. ಎಲ್ಲರೂ ತಲೆ ಎತ್ತಿ ಎಂಟನೇ ಫೀಡರಿನ ತಂತಿ ನೋಡಿದೆವು. "ಎಂಟು ಚಾಲೂ ಅದ ಅಲ್ರೀ?" ಎಂದರು ಸಾಹೇಬರು. "ಚಾಲೂ ಅದರಿ," ಎಂದರು ಮೆಹಬೂಬ್ ಸಾಬ್. ಶರಣಪ್ಪ ಬಣ್ಣದ ಫೋನನ್ನು ಜೀಪಿನ ಮೇಲಿಟ್ಟರು. ಬೂದು ಪರದೆಯ ಫೋನನ್ನು ಏಳೂ ಜನ ನಿಂತಲ್ಲೇ, ತಡವರಿಸದೆ, ಮೂರು ಎಂದೇ ಓದಿದರು.

ಸಾಹೇಬರು ಬಣ್ಣದ ಫೋನನ್ನು ತಾವೇ ಕೈಗೆತ್ತಿಕೊಂಡು, ಸೂರ್ಯನಿಗೆ ಬೆನ್ನು ಮಾಡಿ, ಕರವಸ್ತ್ರದಿಂದ ಗಾಜು ಒರೆಸಿ ನೋಡಿದರು. ಕೊನೆಗೆ ಅದನ್ನು ಡಬ್ಬಿಯಲ್ಲಿಟ್ಟು, "ಟಿಪ್ಪಣಿ ಬದಲಿಸ್ರಿ ಮೇಡಮ್, ನಾನೂ ಸಹಿ ಹಾಕ್ತೀನಿ," ಎಂದರು. ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು ನನ್ನ ಹಳೆಯ ಸಹಿಗೆ ಅಡ್ಡಗೆರೆ ಎಳೆದೆ. ಕಾದ ಬಾನೆಟ್ಟು ಕೈ ಸುಟ್ಟಿತು, ಆದರೂ ಅಷ್ಟು ಸಂತೋಷದಿಂದ ನಾನು ಯಾವ ಸಹಿಯನ್ನೂ ಹಾಕಿಲ್ಲ.

ಬಣ್ಣದ ಪರದೆಯ ಮೇಲೆ ನನಗೆ ದ್ವೇಷವೇನೂ ಇಲ್ಲ. ಅದೇ ಯೋಜನೆಯಲ್ಲಿ ಸಬ್‌ಸ್ಟೇಷನ್ನಿಗೆ ಕೊಂಡ ಲ್ಯಾಪ್‌ಟಾಪಿಗೆ ಬಣ್ಣದ್ದನ್ನೇ ಆರಿಸಿದೆ. ಅಲ್ಲಿ ಆಪರೇಟರ್ ನೆರಳಲ್ಲಿ, ಫ್ಯಾನಿನ ಕೆಳಗೆ ಕೂರುತ್ತಾನೆ. ಆದರೆ ಈ ಸಲ ಆ ಕುರ್ಚಿಯಲ್ಲಿ ನಾನೇ ಒಂದು ಮಧ್ಯಾಹ್ನ ಪೂರ್ತಿ ಕೂತು ನೋಡಿದೆ. ಬೆನ್ನ ಹಿಂದೆ ಕಿಟಕಿಯಿತ್ತು. ಹಾಗಾಗಿ ಹೊಳೆಯುವ ಪರದೆ ಬಿಟ್ಟು ಮಂಕು ಮೇಲ್ಮೈಯದನ್ನು ತೆಗೆದುಕೊಂಡೆವು.

ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮೆಹಬೂಬ್ ಸಾಬ್ ಅವರ ಫೋನು ಬಂತು. ಆ ದಿನ ಅವರು ಕೆಲಸ ಮಾಡಬೇಕಿದ್ದದ್ದು ಎಂಟನೇ ಫೀಡರಿನಲ್ಲಿ. ಸಬ್‌ಸ್ಟೇಷನ್ನಿನಲ್ಲಿ ಕೈತಪ್ಪಿ ಬಂದ್ ಮಾಡಿದ್ದು ಮೂರನೆಯದನ್ನು; ಮೆಸೇಜೂ ಮೂರೆಂದೇ ಬಂದಿತ್ತು. ಅವರು ಬೆಲ್ಟ್ ಕಟ್ಟಿಕೊಂಡು, ಕಂಬದ ಬುಡದಲ್ಲಿ ನಿಂತು, ಬೂದು ಪರದೆ ನೋಡಿದ್ದರು.

"ನಂಬರ್ ಬ್ಯಾರೆ ಇತ್ರಿ ಮೇಡಮ್. ಓದಿದೆ. ಹತ್ತಲಿಲ್ಲ," ಎಂದರು.

ನನ್ನ ಸೇವೆಗೆ ಶಾಲು ಸಿಕ್ಕಿದೆ, ಫಲಕ ಸಿಕ್ಕಿದೆ. ಅವೆಲ್ಲ ಕಪಾಟಿನಲ್ಲಿವೆ. ಓದುವವನು ನಿಲ್ಲುವ ಜಾಗದಲ್ಲಿ ಮೊದಲು ನಾನು ನಿಂತು ನೋಡದೆ ಸಹಿ ಹಾಕಬಾರದು ಎಂಬುದನ್ನು ನನ್ನ ಕೆಲಸ ನನಗೆ ಕಲಿಸಿತು. ಅದಕ್ಕೆ ಸಿಕ್ಕ ಪ್ರಮಾಣಪತ್ರ ಕಂಬದ ಬುಡದಿಂದ ಬಂದ ಆ ಮಾತು: ಓದಿದೆ, ಹತ್ತಲಿಲ್ಲ.