ತಕ್ಕಡಿ ಅಕ್ಕನ ವಾರ್ಡಿನಲ್ಲಿ ಗಡಿಯಾರಕ್ಕೆ ಕೆಲಸವಿಲ್ಲ

ಬೆಳಗಿನ ಐದೂಮುಕ್ಕಾಲು. ಬಾಣಂತಿಯರ ವಾರ್ಡಿನ ಕಿಟಕಿಗಳಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಹದಿನೆಂಟು ಮಂಚಗಳ ನಡುವಿನ ನೆಲ ಒರೆಸಿ ಮುಗಿಸಿದ ಹೆಂಗಸೊಬ್ಬರು ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದು, ಗೋಡೆ ಬದಿಯ ತಕ್ಕಡಿಯ ಮುಂದೆ ನಿಲ್ಲುತ್ತಾರೆ. ತಟ್ಟೆ ತಣ್ಣಗೆ ಕೊರೆಯುತ್ತಿದೆ. ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡು ತಟ್ಟೆಯ ಮೇಲೆ ಒತ್ತಿ ಹಿಡಿಯುತ್ತಾರೆ, ಮಡಿಸಿದ ಬಟ್ಟೆ ಹಾಸುತ್ತಾರೆ, ಗುಂಡಿ ಒತ್ತಿ ಅಂಕಿಯನ್ನು ಸೊನ್ನೆಗೆ ತರುತ್ತಾರೆ. ಆಮೇಲೆ ಮೊದಲ ಕೂಸನ್ನು ಎತ್ತಿಕೊಂಡು ಮಾತಿಗಿಳಿಯುತ್ತಾರೆ. "ಬಾರೋ ನನ್ನ ರಾಜ, ನಿನ್ನ ಸಿಂಹಾಸನ ಬೆಚ್ಚಗೆ ಮಾಡಿದ್ದೀನಿ. ಒದೀಬೇಡ, ಒದ್ರೆ ತೂಕ ತಪ್ಪುತ್ತೆ."

ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಇವರು ಸ್ವಚ್ಛತಾ ಸಿಬ್ಬಂದಿ. ವಾರ್ಡಿನಲ್ಲಿ ಮಾತ್ರ ಎಲ್ಲರ ಬಾಯಲ್ಲೂ ತಕ್ಕಡಿ ಅಕ್ಕ. ಇಪ್ಪತ್ತೆರಡು ವರ್ಷದ ಹಿಂದೆ ಪೊರಕೆ ಹಿಡಿದು ಬಂದವರ ಕೈಗೆ ಒಂದು ದಿನ, ನರ್ಸುಗಳು ಸಾಲದೆ, ತೂಕ ಹಾಕುವ ಕೆಲಸವೂ ಬಿತ್ತು. ಬಿದ್ದದ್ದು ಅಲ್ಲೇ ಉಳಿಯಿತು. ದಿನಕ್ಕೆ ಏನಿಲ್ಲವೆಂದರೂ ನಲವತ್ತು ಸಲ ತೂಕ ಹಾಕುತ್ತಾರೆ. ಬೆಳಗ್ಗೆ ಒಂದು ಸಲ ಎಲ್ಲ ಕೂಸುಗಳದ್ದೂ. ಹಾಲು ಸಾಲುತ್ತಿಲ್ಲವೆಂಬ ಅನುಮಾನ ಬಂದವುಗಳದ್ದು ಕುಡಿಯುವ ಮೊದಲೊಮ್ಮೆ, ಕುಡಿದ ಮೇಲೊಮ್ಮೆ. ಎರಡರ ನಡುವಿನ ವ್ಯತ್ಯಾಸವೇ ಹೊಟ್ಟೆಗೆ ಹೋದ ಹಾಲು. ಈ ಲೆಕ್ಕಕ್ಕೆ ಯಾವ ವಾದವೂ ನಡೆಯುವುದಿಲ್ಲ.

ಅಕ್ಕನದೊಂದು ಕಟ್ಟುನಿಟ್ಟಿನ ಪದ್ಧತಿ ಇದೆ. ತೂಕವನ್ನು ಕೂಗಿ ಹೇಳುವಂತಿಲ್ಲ. ಮೊದಲು ತಾಯಿಯ ಕಿವಿಯಲ್ಲಿ ಪಿಸುಮಾತು, ಆಮೇಲೆ ಚೀಟಿಗೆ, ಆಮೇಲೆ ಉಳಿದವರಿಗೆ. ದೊಡ್ಡ ಡಾಕ್ಟರೇ ಬಂದು "ಎಷ್ಟು?" ಎಂದು ಕೇಳಿದರೂ, "ಇರಿ ಸಾರ್, ಹೆತ್ತವಳಿಗೆ ಹೇಳಿ ಬರ್ತೀನಿ" ಎನ್ನುತ್ತಾರೆ. ಡಾಕ್ಟರು ನಗುತ್ತಾ ಕಾಯುತ್ತಾರೆ. ಕಾಯದೆ ಏನು ಮಾಡಿಯಾರು!

ಈ ಪದ್ಧತಿಯ ಹಿಂದೆ ಒಂದು ಹಳೆಯ ಉರಿ ಇದೆ. ಅಕ್ಕನಿಗೆ ಮಗಳು ಹುಟ್ಟಿದಾಗ ಹಾಲು ಬರಲಿಲ್ಲ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಜೀವ ಉಳಿದದ್ದೇ ಹೆಚ್ಚು. ಏಳನೆಯ ದಿನ ಯಾರೋ ತುಂಬಿದ ವಾರ್ಡಿನಲ್ಲಿ ಮಗುವಿನ ತೂಕವನ್ನು ಸಂತೆಯಲ್ಲಿ ಕೂಗಿದ ಹಾಗೆ ಕೂಗಿದರು. ಮೂವತ್ತು ಕಣ್ಣು ಇವರ ಮೇಲೆ. "ಆವತ್ತು ನೆಲ ಬಾಯಿ ಬಿಡಬಾರದಾ ಅನ್ನಿಸಿತ್ತು" ಎನ್ನುತ್ತಾರೆ. "ಹಾಲು ಕೊಡದವಳು ಎಂಥ ತಾಯಿ ಅಂದ್ರು. ನನ್ನ ಒಡಹುಟ್ಟಿದವಳೇ ಅಂದಳು. ನಾನೇನು ಬಚ್ಚಿಟ್ಟುಕೊಂಡಿದ್ನಾ?" ಆ ಮಗಳು ಡಬ್ಬಿ ಹಾಲಿನಲ್ಲೇ ಬೆಳೆದಳು. ಈಗ ವಿದ್ಯುತ್ ಇಲಾಖೆಯಲ್ಲಿ ಲೈನ್ ಕೆಲಸ. "ಮೂವತ್ತಡಿ ಕಂಬ ಹತ್ತುತ್ತಾಳೆ. ಬಲ ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ ಈಗ!"

ಸರಿ, ಹನ್ನೊಂದನೆಯ ಮಂಚಕ್ಕೆ ಬರೋಣ. ಈ ಬೆಳಗಿನ ಕಷ್ಟವೆಲ್ಲ ಅಲ್ಲಿದೆ.

ಹನ್ನೊಂದನೆಯ ಮಂಚದಲ್ಲಿ ಒಬ್ಬ ಶಾಲೆಯ ಆಟದ ಟೀಚರ್. ಓಟದಲ್ಲಿ ಕಪ್ ಗೆದ್ದವರು, ನೂರಾರು ಮಕ್ಕಳನ್ನು ಓಡಿಸಿದವರು. ಸಿಸೇರಿಯನ್ ಆಗಿ ಐದನೆಯ ದಿನ. ಹುಟ್ಟಿದಾಗ ಹೆಣ್ಣುಕೂಸು ಎರಡು ಸಾವಿರದ ಒಂಬೈನೂರ ಅರವತ್ತು ಗ್ರಾಂ. ಮೊದಲ ದಿನಗಳಲ್ಲಿ ಎಲ್ಲ ಕೂಸುಗಳೂ ಒಂದಿಷ್ಟು ಇಳಿಯುತ್ತವೆ, ಅದು ಸಹಜ. ಆದರೆ ಇದು ಇಳಿಯುತ್ತಲೇ ಇದೆ. ಇವತ್ತು ಅಕ್ಕ ಟೀಚರ ಕಿವಿಯಲ್ಲಿ ಹೇಳಿದ ಅಂಕಿ ಎರಡು ಸಾವಿರದ ಆರುನೂರ ನಲವತ್ತು. ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚೇ ಕರಗಿದೆ. ಟೀಚರು ಅಳಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದರು, ಅಷ್ಟೆ. ಅಕ್ಕನಿಗೆ ಅಳುವವರಿಗಿಂತ ಇಂಥವರದ್ದೇ ಚಿಂತೆ.

ಮಂಚದ ಎರಡು ಬದಿಯಲ್ಲಿ ಎರಡು ಪಕ್ಷ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಕಥೆ. ಅತ್ತೆ ಮೊದಲ ದಿನದಿಂದ ಡಬ್ಬಿ ಹಿಡಿದು ಕೂತಿದ್ದಾರೆ. "ನನ್ನ ಮಗ ಡಬ್ಬಿ ಹಾಲು ಕುಡಿದೇ ಇಷ್ಟೆತ್ತರ ಆಗಿದ್ದಾನೆ, ಅವನಿಗೇನು ಕಮ್ಮಿ ಆಗಿದೆ?" ಆ ಇಷ್ಟೆತ್ತರದ ಮಗ, ಅಂದರೆ ಕೂಸಿನ ಅಪ್ಪ, ಬಸ್ ಡಿಪೋದಲ್ಲಿ ಟೈಂ ಕೀಪರ್. ಅವರದು ತಾಯಿ ಹಾಲೇ ಆಗಬೇಕೆಂಬ ಹಟ. ಪುಸ್ತಕ ಓದಿದ್ದಾರೆ, ಹಾಲು ಕುಡಿಸುವ ಹೊತ್ತನ್ನು ಗೆರೆ ಎಳೆದು ಬರೆದಿಟ್ಟಿದ್ದಾರೆ. "ಅಮ್ಮಾ, ನೀನು ಸುಮ್ನಿರು" ಎಂದು ಅವರು, "ನೀನೇನು ಹೆತ್ತಿದ್ದೀಯಾ?" ಎಂದು ಇವರು. ನಡುವೆ ಟೀಚರು, ಅವರ ತೋಳಲ್ಲಿ ಹಸಿದ ಕೂಸು.

ಎಂಟು ಗಂಟೆಗೆ ಡಾಕ್ಟರು ಬಂದು ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು. "ಈಗಿಂದ್ಲೇ ಸ್ವಲ್ಪ ಡಬ್ಬಿ ಹಾಲೂ ಶುರು ಮಾಡಿ. ನಾಳೆ ಬೆಳಗ್ಗೆ ಇನ್ನೂ ಇಳಿದಿದ್ರೆ ಮಗೂನ ಮಕ್ಕಳ ವಾರ್ಡಿಗೆ ದಾಖಲು ಮಾಡಿ ಡ್ರಿಪ್ ಹಾಕ್ಬೇಕಾಗುತ್ತೆ." ಅವರು ಹೋದ ಮೇಲೆ ಟೀಚರು ಒಂದೇ ಮಾತು ಆಡಿದರು. "ನಾನು ಸೋತೆ, ಅಕ್ಕ."

"ಓಟ ಅರ್ಧಕ್ಕೇ ಸೋತೆ ಅಂತೀಯಲ್ಲ ತಾಯಿ, ನಿನ್ನ ಮಕ್ಕಳಿಗೆ ಇದನ್ನೇನಾ ಹೇಳಿಕೊಡೋದು?" ಎಂದು ಗದರಿದ ಅಕ್ಕನಿಗೆ ಒಳಗೊಳಗೇ ಒಂದು ಒಗಟು ಕೊರೆಯುತ್ತಿತ್ತು. ಹಾಲು ಇದೆ, ಕಣ್ಣಿಗೆ ಕಾಣುತ್ತದೆ. ಕೂಸು ಬಾಯಿ ಹಾಕುವುದೂ ಸರಿಯಾಗಿದೆ. ಮತ್ತೆ ಹೋಗುವುದೆಲ್ಲಿಗೆ? ಟೈಂ ಕೀಪರು ತಮ್ಮ ಪುಸ್ತಕ ತೋರಿಸಿದರು. ಆರು ಗಂಟೆ, ಎಡ, ಹತ್ತು ನಿಮಿಷ. ಆರು ಹತ್ತು, ಬಲ, ಹತ್ತು ನಿಮಿಷ. ಒಂಬತ್ತು ಗಂಟೆ, ಎಡ. ಐದು ದಿನದಲ್ಲಿ ಒಂದು ನಿಮಿಷ ಆಚೀಚೆ ಇಲ್ಲ. ಬಂದ ನರ್ಸುಗಳೆಲ್ಲ ಇದನ್ನು ನೋಡಿ ಹೊಗಳಿ ಹೋಗಿದ್ದರು. ಇಂಥ ಅಪ್ಪ ಎಲ್ಲರಿಗೂ ಸಿಗಬೇಕು ಎಂದಿದ್ದರು.

ಅಕ್ಕ ಪುಸ್ತಕ ನೋಡಲಿಲ್ಲ. ಬಕೆಟ್ಟು ಬದಿಗಿಟ್ಟು, ಸ್ಟೂಲ್ ಎಳೆದುಕೊಂಡು ಕೂತರು. ಎಂಟೂವರೆಗೇ ಕೂಸು ಮುಷ್ಟಿ ಬಿಗಿದು ಬಾಯಿ ಚಪ್ಪರಿಸಿತು. ಟೈಂ ಕೀಪರು ಎತ್ತಿಕೊಂಡು ಓಡಾಡಿಸಿದರು, ತಟ್ಟಿದರು, ಲಾಲಿ ಹಾಡಿದರು. "ಇನ್ನೂ ಅರ್ಧ ಗಂಟೆ ಇದೆ, ಬಂಗಾರಿ." ಒಂಬತ್ತಾಗುವ ಹೊತ್ತಿಗೆ ಅತ್ತೂ ಅತ್ತೂ ಸುಸ್ತಾದ ಕೂಸನ್ನು ಅಕ್ಕ ತೂಗಿ ತಾಯಿಯ ಎದೆಗೆ ಕೊಟ್ಟರು. ಮೊದಮೊದಲು ನಿದ್ದೆಗಣ್ಣಿನಲ್ಲಿ ಚೀಪಿದ ಕೂಸಿಗೆ ಎಂಟನೆಯ ನಿಮಿಷಕ್ಕೆ ಹುರುಪು ಬಂತು. ಗಂಟಲಿನಲ್ಲಿ ಗುಟುಕು ಕೇಳತೊಡಗಿತು. ಅಷ್ಟರಲ್ಲಿ ಟೈಂ ಕೀಪರು ಗಡಿಯಾರ ನೋಡಿ, ಕೂಸಿನ ಬಾಯಿಯ ಅಂಚಿಗೆ ಮೆಲ್ಲಗೆ ಬೆರಳು ಹಾಕಿ ಬಿಡಿಸಿ, "ಟೈಂ ಆಯ್ತು. ಈಗ ಬಲಗಡೆ" ಎಂದರು. ಬಲಗಡೆಯೂ ಅದೇ ಕಥೆ. ತೂಕ ಹಾಕಿದರೆ ಹೊಟ್ಟೆಗೆ ಹೋದದ್ದು ಹದಿನಾಲ್ಕು ಗ್ರಾಂ.

ಅಕ್ಕ ಹಣೆ ಹಣೆ ಚಚ್ಚಿಕೊಂಡರು. "ಯಜಮಾನ್ರೇ, ಊಟಕ್ಕೆ ಕೂತವರನ್ನ ಅನ್ನ ಬಾಯಿಗಿಡೋ ಹೊತ್ತಿಗೆ ಎಬ್ಬಿಸಿಬಿಟ್ರಲ್ಲ! ಇದು ನಿಮ್ಮ ಬಸ್ಸಾ, ಹತ್ತು ನಿಮಿಷ ನಿಲ್ಲಿಸಿ ಸೀಟಿ ಊದೋಕೆ?"

ಪಾಪ, ಮನುಷ್ಯನ ಮುಖ ಬಿಳಿಚಿತು. ಕೈಯಲ್ಲಿದ್ದ ಪುಸ್ತಕ ಮುಚ್ಚಿ ಕಣ್ಣೊರೆಸಿಕೊಂಡರು. "ನಾನು ಓದಿದ ಪುಸ್ತಕದಲ್ಲಿ ಹಾಗೇ ಇತ್ತು ಅಕ್ಕ... ನನ್ನ ಮಗಳನ್ನ ನಾನೇ ಉಪವಾಸ ಕೆಡವಿದ್ನಾ?" ಪ್ರೀತಿಯಿಂದ ಮಾಡಿದ ತಪ್ಪಿಗೆ ಶಿಕ್ಷೆ ಕೊಡುವುದು ಅಕ್ಕನ ಜಾಯಮಾನದಲ್ಲಿಲ್ಲ. "ಅಳಬೇಡಿ. ನೋಡೋರಿಲ್ಲದ ಮಕ್ಕಳನ್ನ ಕಂಡಿದ್ದೀನಿ, ಇಷ್ಟು ನೋಡೋ ಅಪ್ಪನ್ನ ಕಂಡಿಲ್ಲ. ಆ ಗಡಿಯಾರ ಬಿಚ್ಚಿ ಜೇಬಿಗೆ ಹಾಕ್ಕೊಳಿ. ಇನ್ಮೇಲೆ ಹೊತ್ತು ಹೇಳೋದು ಇವಳು."

ಆಮೇಲೆ ಟೀಚರ ಕಡೆ ತಿರುಗಿದರು. ನಿಜವಾದ ಕಷ್ಟ ಅಲ್ಲಿತ್ತು. ಡಬ್ಬಿ ಹಾಲೆಂದರೆ ಟೀಚರಿಗೆ ಸೋಲಿನ ಚೀಟಿ. "ಗಂಟೆಗಟ್ಟಲೆ ಕುಡಿಸ್ತೀನಿ, ಅದು ಮಾತ್ರ ಬೇಡ" ಎಂದು ಕೈ ಮುಗಿದರು. ಅಕ್ಕ ಕೂಸನ್ನು ಅವರ ಎದೆಗೆ ಒರಗಿಸಿ, ಬೆನ್ನ ಹಿಂದೆ ದಿಂಬು ಕೊಟ್ಟು, ಮೆತ್ತಗೆ ಹೇಳಿದರು. "ಚೀಪೋಕೂ ಶಕ್ತಿ ಬೇಕು ಮಗಳೇ. ಐದು ದಿನದಿಂದ ಅರೆಹೊಟ್ಟೆ. ಇವಳಿಗೆ ಮೊದಲು ಮೈಯಲ್ಲಿ ಕಸುವು ಬರಲಿ, ಆಮೇಲೆ ನಿನ್ನ ಹಾಲನ್ನ ಇವಳೇ ಇಳಿಸ್ಕೊಳ್ತಾಳೆ. ಡಬ್ಬಿ ನಿನ್ನ ಸವತಿ ಅಲ್ಲ. ಕೈಕೊಡೋಕೆ ಬಂದ ನೆಂಟಳು ಅಂದ್ಕೋ. ಬೇಕಾದಷ್ಟು ದಿನ ಇರ್ತಾಳೆ, ಕೆಲಸ ಮುಗಿದ್ರೆ ಹೋಗ್ತಾಳೆ. ಹೋಗದಿದ್ರೂ ಏನಂತೆ? ನನ್ನ ಮಗಳನ್ನ ಅವಳೇ ಸಾಕಿದ್ದು."

ಟೀಚರು ಕೂಸಿನ ಮುಖ ನೋಡಿದರು. ಸರಿ ಎಂದು ತಲೆಯಾಡಿಸಿದರು.

ಅಲ್ಲಿಂದ ಹನ್ನೊಂದನೆಯ ಮಂಚ ಒಂದು ಕಾರ್ಖಾನೆಯೇ ಆಯಿತು. ಕೂಸು ಬಾಯಿ ಚಪ್ಪರಿಸಿದರೆ ಸಾಕು, ಎದೆಗೆ. ತಾನಾಗಿ ಬಿಡುವವರೆಗೆ ಯಾರೂ ಮುಟ್ಟುವಂತಿಲ್ಲ. ಮೊದಲ ಸಲ ಒಂದೇ ಕಡೆ ಇಪ್ಪತ್ತೇಳು ನಿಮಿಷ ಕುಡಿದು ಮೂವತ್ತೆಂಟು ಗ್ರಾಂ ಹೊಟ್ಟೆಗಿಳಿಸಿತು ಕಳ್ಳಿ! ಆಮೇಲೆ ಸಣ್ಣ ಬಟ್ಟಲಿನಲ್ಲಿ ಡಬ್ಬಿ ಹಾಲು, ಅದೂ ಅಜ್ಜಿಯ ಕೈಯಿಂದ, ಗುಟುಕು ಗುಟುಕಾಗಿ. ಕಲಸುವ ಕೆಲಸವನ್ನು ಅಕ್ಕ ಬೇಕೆಂದೇ ಟೈಂ ಕೀಪರಿಗೆ ವಹಿಸಿದರು. "ಇಲ್ಲಿ ಬೇಕು ನೋಡಿ ನಿಮ್ಮ ಲೆಕ್ಕ. ಕುದಿಸಿದ ನೀರು, ಡಬ್ಬಿ ಮೇಲೆ ಬರೆದಷ್ಟೇ ಪುಡಿ, ಚಮಚದ ತಲೆ ಸವರಿ. ಗುಡ್ಡೆ ಹಾಕಿದ್ರೂ ತಪ್ಪು, ತೆಳ್ಳಗೆ ಮಾಡಿದ್ರೂ ತಪ್ಪು." ಆ ಮನುಷ್ಯ ಔಷಧಿ ತೂಗುವವರ ಹಾಗೆ ಉಸಿರು ಬಿಗಿಹಿಡಿದು ಚಮಚ ಸವರಿದರು. ಐದು ದಿನದಿಂದ ಕಿತ್ತಾಡುತ್ತಿದ್ದ ತಾಯಿ ಮಗ ಒಂದೇ ಬಟ್ಟಲಿನ ಸುತ್ತ ಬಗ್ಗಿ ನಿಂತರು. ಕುಡಿದು ಮುಗಿಸಿದ ಕೂಸಿನ ಮುಷ್ಟಿ ನಿಧಾನವಾಗಿ ಬಿಚ್ಚಿಕೊಂಡಿತು. "ಹೊಟ್ಟೆ ತುಂಬಿದ ಗುರುತು ಇದೇ" ಎಂದು ಅಕ್ಕ ಆ ಪುಟ್ಟ ಅಂಗೈಯನ್ನು ಎಲ್ಲರಿಗೂ ತೋರಿಸಿದರು.

ಮರುದಿನ ಬೆಳಗ್ಗೆ ತಕ್ಕಡಿ ಇಪ್ಪತ್ತೈದು ಗ್ರಾಂ ಮೇಲೆ ತೋರಿಸಿತು. ಡ್ರಿಪ್ಪಿನ ಮಾತು ಅಲ್ಲಿಗೇ ಮುಗಿಯಿತು. ಅದರ ಮರುದಿನ ಇನ್ನೂ ನಲವತ್ತೈದು. ಮನೆಗೆ ಹೊರಟವರಿಗೆ ಅಕ್ಕ ಒಂದು ವಾರ ಬಿಟ್ಟು ಬನ್ನಿ ಎಂದು ಹೇಳಿ ಕಳಿಸಿದರು. ಆ ವಾರವೂ ಅವರ ದಿನಚರಿ ಬದಲಾಗಲಿಲ್ಲ. ನೆಲ ಒರೆಸುವುದು, ಕೈ ತೊಳೆಯುವುದು, ತಟ್ಟೆ ಬೆಚ್ಚಗೆ ಮಾಡುವುದು. ನಿವೃತ್ತಿಗೆ ಇನ್ನು ಮೂರು ವರ್ಷ. ಮಂಡಿ ನೋಯುತ್ತದೆ. ಬಡ್ತಿಯ ಮಾತೆತ್ತಿದರೆ ನಗುತ್ತಾರೆ. "ಬಡ್ತಿ ಕೊಟ್ರೆ ಮೇಲಿನ ಮಹಡಿಗೆ ಹಾಕ್ತಾರೆ. ಅಲ್ಲಿ ಮಕ್ಕಳಿಲ್ಲ, ಬರೀ ಫೈಲು."

ಇವತ್ತು ಆ ವಾರ ಮುಗಿದಿದೆ. ಟೀಚರು ಕೂಸನ್ನೆತ್ತಿಕೊಂಡು, ಹಿಂದೆ ಗಂಡ ಅತ್ತೆಯರ ಮೆರವಣಿಗೆಯೊಂದಿಗೆ ಬಂದಿದ್ದಾರೆ. ಅಕ್ಕ ಬಟ್ಟೆ ಬಿಚ್ಚಿಸಿ ತಟ್ಟೆಯ ಮೇಲೆ ಮಲಗಿಸುತ್ತಾರೆ. ಕೂಸು ಒದೆಯುತ್ತದೆ, ಅಂಕಿ ಕುಣಿಯುತ್ತದೆ, ನಿಲ್ಲುತ್ತದೆ. ಅಕ್ಕ ಬಗ್ಗಿ ಟೀಚರ ಕಿವಿಯಲ್ಲಿ ಹೇಳುತ್ತಾರೆ. ಹೇಳಿದ್ದೇ ತಡ, ಆಟದ ಮೈದಾನದ ಗಂಟಲು ಸುಮ್ಮನಿದ್ದೀತೇ? "ಮೂರು ಸಾವಿರದ ಇಪ್ಪತ್ತು!" ಎಂದು ಟೀಚರು ಎರಡೂ ಕೈ ಮೇಲೆತ್ತಿ ಕೂಗುತ್ತಾರೆ. ಹುಟ್ಟಿದ ದಿನಕ್ಕಿಂತ ಅರವತ್ತು ಗ್ರಾಂ ಹೆಚ್ಚು! ಹದಿನೆಂಟು ಮಂಚಗಳಿಂದ ಚಪ್ಪಾಳೆ ಬೀಳುತ್ತದೆ. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಟೈಂ ಕೀಪರು ಅಕ್ಕನ ಕೈ ಹಿಡಿದುಕೊಂಡವರು ಬಿಡುವುದೇ ಇಲ್ಲ.

ಈಗ ಹಗಲೆಲ್ಲ ತಾಯಿಯ ಹಾಲು, ಸಂಜೆಗೊಂದು ಬಟ್ಟಲು ಡಬ್ಬಿ ಹಾಲು. ಆ ಬಟ್ಟಲನ್ನು ನಿಲ್ಲಿಸುವುದೋ ಮುಂದುವರಿಸುವುದೋ ಎಂದು ಟೀಚರು ಯಾರನ್ನೂ ಕೇಳುವುದಿಲ್ಲ. "ಆ ಹೊತ್ತಿಗೆ ನಾನು ನಿದ್ದೆ ಮಾಡ್ತೀನಿ ಅಕ್ಕ" ಎಂದು ತಲೆಯೆತ್ತಿ ಹೇಳುತ್ತಾರೆ.

ಹೊರಡುವ ಮುನ್ನ ಟೈಂ ಕೀಪರ ಕೈಗೆ ಕೂಸಿನ ಕಾರ್ಡು ಬರುತ್ತದೆ. ಅದರಲ್ಲಿ ಒಂದು ಸಾಲು ಖಾಲಿ: ಮಗುವಿನ ಆಹಾರ. ಬರೆಯುವುದಕ್ಕೆ ಇರುವ ಜಾಗ ಎರಡು ಬೆರಳಗಲ. ಅವರು ಪೆನ್ನಿನ ಮುಚ್ಚಳ ತೆಗೆದು ತಾಯಿಯ ಮುಖ ನೋಡುತ್ತಾರೆ, ಹೆಂಡತಿಯ ಮುಖ ನೋಡುತ್ತಾರೆ, ಕೊನೆಗೆ ತಿರುಗಿ ಕೇಳುತ್ತಾರೆ. "ಅಕ್ಕ, ಇಲ್ಲಿ ಏನಂತ ಬರೀಲಿ? ತಾಯಿ ಹಾಲು ಅಂತಲೋ, ಡಬ್ಬಿ ಹಾಲು ಅಂತಲೋ?"

ಅಕ್ಕ ಆಗಲೇ ಮುಂದಿನ ಕೂಸನ್ನು ಎತ್ತಿಕೊಂಡಿದ್ದಾರೆ. ತಿರುಗಿಯೂ ನೋಡದೆ ಹೇಳುತ್ತಾರೆ.

"ಹೊಟ್ಟೆ ತುಂಬಿದೆ ಅಂತ ಬರೀರಿ."