ಕುಂಟಿಯ ಹಳದಿ ಕಾಲು

ಚಿಕ್ಕೋಡಿಯಲ್ಲಿ ಒಂದು ದಿನದ ಕೋಳಿ ಸಾಕಣೆ ತರಬೇತಿ ಮುಗಿಸಿಕೊಂಡು ಬಂದ ಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ಕೂತು ಕೇಳಿದ್ದೆ, ಮಧ್ಯಾಹ್ನ ಊಟ ಹಾಕಿದ್ದರು, ಕೊನೆಗೆ ಒಂದು ಪ್ರಮಾಣಪತ್ರವನ್ನೂ ಕೊಟ್ಟಿದ್ದರು. ಅದಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಡುಗೆಮನೆಯಲ್ಲಿ ಕ್ಯಾಲೆಂಡರಿನ ಪಕ್ಕ ಮೊಳೆ ಹೊಡೆದು ತೂಗುಹಾಕಿದೆ. ಕರೋಶಿಯ ನಮ್ಮ ಓಣಿಯಲ್ಲಿ ಕೋಳಿ ಸಾಕದ ಮನೆ ಕಡಿಮೆ, ಆದರೆ ಕೋಳಿಯ ಬಗ್ಗೆ ಸರ್ಟಿಫಿಕೇಟು ಇದ್ದದ್ದು ನನ್ನೊಬ್ಬಳ ಹತ್ತಿರ. ಯಾರ ಮನೆಯ ಕೋಳಿ ಸೀನಿದರೂ ನಿಂತು ಉಪದೇಶ ಕೊಟ್ಟೇ ಮುಂದೆ ಹೋಗುತ್ತಿದ್ದೆ. ಆಗ ನನ್ನ ಕಂಡರೆ ಕೆಲವರು ದಾರಿ ಬದಲಿಸುತ್ತಿದ್ದರೆಂದು ಈಗ ಗೊತ್ತಾಗಿದೆ.

ನಮ್ಮ ಹಿತ್ತಲಲ್ಲಿ ಇದ್ದದ್ದು ಏಳು ಕೋಳಿ, ಒಂದು ಹುಂಜ. ತರಬೇತಿಗೆ ಮೊದಲು ಅವುಗಳ ಯಜಮಾನಿಕೆ ನನ್ನ ಅತ್ತೆಯದು. ಎಪ್ಪತ್ತು ದಾಟಿದವರು, ಮೊಣಕಾಲು ನೋವು, ಹಿತ್ತಲ ಕಟ್ಟೆಯ ಮೇಲೆ ಕೂತು ಜೋಳ ಚೆಲ್ಲುತ್ತ ಕೋಳಿಗಳ ಜೊತೆ ದಿನವಿಡೀ ಮಾತಾಡುವವರು. ನಾನು ಬಂದವಳೇ ಆಡಳಿತ ಕೈಗೆ ತಗೊಂಡೆ. ನೀರು ದಿನಕ್ಕೆ ಎರಡು ಸಲ ಬದಲು. ತತ್ತಿಯ ಸಿಪ್ಪೆ ಹುರಿದು ಪುಡಿ ಮಾಡಿ ಕಾಳಿನಲ್ಲಿ ಬೆರೆಸುವುದು, ಇಲ್ಲದಿದ್ದರೆ ತತ್ತಿಯ ಮೈ ತೆಳುವಾಗುತ್ತದೆ. ನಿಪ್ಪಾಣಿಯ ನಾದಿನಿ ಕಳಿಸಿದ ತಂಬಾಕಿನ ಪುಡಿಯನ್ನು ಒಲೆಯ ಬೂದಿಯಲ್ಲಿ ಕಲಸಿ ಒಂದು ಹಳೇ ಬುಟ್ಟಿಗೆ ಹಾಕಿಟ್ಟೆ. ಕೋಳಿಗಳು ಅದರಲ್ಲಿ ಹೊರಳಾಡಿದರೆ ಹೇನು ಉದುರುತ್ತವೆ. ಐನಾಪುರದ ಕಡೆಯಿಂದ ಯಾರೋ ತಂದುಕೊಟ್ಟ ಹುಳುಕು ಒಣದ್ರಾಕ್ಷಿಯನ್ನು ಅತ್ತೆ ಮುಷ್ಟಿ ಮುಷ್ಟಿ ಚೆಲ್ಲುತ್ತಿದ್ದರು. ಸಿಹಿ ತಿಂದ ಕೋಳಿ ಬೊಜ್ಜು ಬೆಳೆಸಿಕೊಂಡು ತತ್ತಿ ಇಡುವುದನ್ನೇ ಮರೆಯುತ್ತದೆ ಎಂದು ಅದನ್ನೂ ನಿಲ್ಲಿಸಿದೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಒಂದೇ ತಿಂಗಳಲ್ಲಿ ತತ್ತಿ ಹೆಚ್ಚಾದದ್ದೂ ನಿಜ.

ಆದರೆ ಒಂದು ಮಾತು ಹೆಚ್ಚಿಗೆ ಆಡಿಬಿಟ್ಟೆ. ಕೋಳಿಗೆ ಗಾಯವಾಗಲಿ, ಕಾಲು ಸೆಟೆಯಲಿ, ಅತ್ತೆಯ ಔಷಧ ಒಂದೇ: ಅರಿಶಿಣ ಬೆರೆಸಿದ ಎಣ್ಣೆ. ನಾನು ಸೊಂಟಕ್ಕೆ ಕೈ ಕೊಟ್ಟು ನಿಂತು, "ಅತ್ತೀ, ಇನ್ನ ಮ್ಯಾಲ ಅರಿಶಿಣ-ಗಿರಿಶಿಣ ಎಲ್ಲಾ ಬಂದ್ ಮಾಡ್ರಿ. ಏನರ ಆತಂದ್ರ ನನ್ನ ಕೇಳ್ರಿ," ಎಂದೆ.

"ಆತವಾ, ನೀ ಕಲ್ತಾಕಿ," ಎಂದರು ಅತ್ತೆ.

ಇಷ್ಟು ಸುಲಭವಾಗಿ ಅವರು ಯಾವುದಕ್ಕೂ ಒಪ್ಪಿದವರಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ದೀಪಾವಳಿಗೆ ಮುಂಚಿನ ವಾರ ನನ್ನ ಗಂಡ ಸುದ್ದಿ ತಂದರು. ಅಥಣಿ ಕಡೆಯ ಅನಂತಪುರಕ್ಕೆ ಮದುವೆ ಮಾಡಿಕೊಟ್ಟ ನಮ್ಮ ಮಗಳು, ಅಳಿಯ ಐತವಾರ ಬರುತ್ತಾರೆ. ಮದುವೆಯಾದ ಮೇಲೆ ಅಳಿಯ ನಮ್ಮ ಮನೆಗೆ ಊಟಕ್ಕೆ ಬರುವುದು ಅದೇ ಮೊದಲು.

"ಮನ್ಯಾಗ ಏಳು ಕೋಳಿ ಇಟಗೊಂಡು ಅಂಗಡಿ ಕೋಳಿ ತಂದ್ರ ಮಂದಿ ನಗ್ತಾರ. ಒಂದ ಹಿಡದಿಡು," ಎಂದರು.

"ಕೈಗೆ ಸಿಕ್ಕಿದ್ದ ಹಿಡಿಯೂದಲ್ರೀ. ತತ್ತಿ ಇಡದಾಕಿ ಯಾವಾಕಿ ಅಂತ ನೋಡಿ ಆರಸಬೇಕು. ಅದಕ್ಕೊಂದು ಶಾಸ್ತ್ರ ಐತಿ," ಎಂದೆ.

"ಆರಸು ಹಂಗಾರ. ಆದ್ರ ಐತವಾರ ಮುಂಜಾನೆ ಒಂದ ನನ್ನ ಕೈಯಾಗ ಇರಬೇಕು."

ಶಾಸ್ತ್ರ ನನ್ನ ಬಾಯಿಯ ತುದಿಯಲ್ಲೇ ಇತ್ತು. ತರಬೇತಿಯಲ್ಲಿ ಹೇಳಿದ್ದರು: ಹಳದಿ ಕಾಲಿನ ಕೋಳಿ ತತ್ತಿ ಇಡತೊಡಗಿದರೆ ಕಾಲಿನ ಬಣ್ಣವೆಲ್ಲ ತತ್ತಿಯ ಹಳದಿಗೆ ಹೋಗಿ ಕಾಲು ಬಿಳಚುತ್ತದೆ, ಕಾಲು ಹಳದಿಯಾಗಿಯೇ ಇದ್ದರೆ ಅದು ಬಹಳ ದಿನದಿಂದ ತತ್ತಿ ಇಟ್ಟಿಲ್ಲ. ಕೈಬೆರಳಿಟ್ಟು ನೋಡುವ ಇನ್ನೊಂದು ಪರೀಕ್ಷೆಯನ್ನೂ ಹೇಳಿದ್ದರಂತೆ. ಆ ಹೊತ್ತಿಗೆ ನಾನು ಚಹಾದ ಸಾಲಿನಲ್ಲಿ ನಿಂತಿದ್ದೆ.

ಶುಕ್ರವಾರ ಕೋಳಿಗಳ ಹಿಂದೆ ಬಗ್ಗಿ ಬಗ್ಗಿ ಓಡಾಡಿ ಕಾಲು ನೋಡಿದೆ. ಐದರ ಕಾಲು ಬಿಳಚಿದ್ದವು. ಕರಿಯ ಪಟ್ಟದರಾಣಿಯ ಕಾಲನ್ನು ನೋಡುವ ಗೋಜಿಗೇ ಹೋಗಲಿಲ್ಲ. ಅದು ನನ್ನ ಹೆಮ್ಮೆಯ ಕೋಳಿ: ರೆಕ್ಕೆಪುಕ್ಕ ಆಗತಾನೇ ಹೊಸದಾಗಿ ಬಂದು ಮಿರಮಿರ ಮಿಂಚುತ್ತಿತ್ತು, ಬಂದವರಿಗೆಲ್ಲ ಮೊದಲು ಅದನ್ನೇ ತೋರಿಸುತ್ತಿದ್ದೆ. ಅಷ್ಟು ಚೆಂದದ ಕೋಳಿ ತತ್ತಿ ಇಡದೆ ಇರುತ್ತದೆಯೇ? ಉಳಿದದ್ದು ಕುಂಟಿ. ಒಂದು ಕಾಲು ಎಳೆದು ನಡೆಯುವ, ಕುತ್ತಿಗೆಯ ಪುಕ್ಕ ಉದುರಿದ, ಬಾಲ ಹರಿದ ಬಡಕಲು ಕೋಳಿ. ಅದರ ಎರಡೂ ಕಾಲು ಹಚ್ಚ ಹಳದಿ. ಇಷ್ಟು ಹಳದಿಯನ್ನು ತರಬೇತಿಯ ಫೋಟೋದಲ್ಲೂ ಕಂಡಿರಲಿಲ್ಲ.

"ಸಿಕ್ಕಳು!" ಎಂದು ಹಿತ್ತಲಿನಿಂದಲೇ ಕೂಗಿದೆ. "ಕುಂಟೀನ ಕಳ್ಳಿ! ಕಾಲ ನೋಡ್ರಿ ಹೆಂಗದಾವ. ವರ್ಷಗಟ್ಟಲೆ ತತ್ತಿ ಇಟ್ಟಿಲ್ಲ, ಸುಮ್ನ ಕೂತು ತಿಂದಾಳ. ಕೂತು ತಿನ್ನೂರು ಈ ಮನ್ಯಾಗ ಯಾಕ ಬೇಕ್ರೀ?"

ಕಟ್ಟೆಯ ಮೇಲೆ ಕೂತಿದ್ದ ಅತ್ತೆ ಜೋಳ ಚೆಲ್ಲುವುದನ್ನು ನಿಲ್ಲಿಸಿದರು.

"ಕುಂಟೀನ? ಖರೇ ಏನವಾ?"

"ಖರೇರಿ. ಶಾಸ್ತ್ರ ಸುಳ್ಳ ಹೇಳೂದಿಲ್ಲ."

ಅವರು ಗೋಡೆ ಹಿಡಿದು ಎದ್ದು ಒಳಗೆ ಹೋದರು. ಅಂದು ಸಂಜೆ ಊಟಕ್ಕೂ ಬರಲಿಲ್ಲ, ಹಸಿವಿಲ್ಲ ಎಂದರು. ಮುದ್ದಿನ ಕೋಳಿ ಹೋಗುತ್ತದೆಂದು ಬೇಸರ, ಎರಡು ದಿನಕ್ಕೆ ಸರಿಹೋಗುತ್ತದೆ ಎಂದುಕೊಂಡೆ. ಮಾತು ಯಾರಿಗೆ ತಾಗಿತು ಎಂದು ನೋಡುವ ಅಭ್ಯಾಸ ನನಗಿರಲಿಲ್ಲ. ಅಷ್ಟೇ ಅಲ್ಲ, ಅಂದು ಅಡುಗೆಮನೆಯಲ್ಲಿ ಅರಿಶಿಣದ ಡಬ್ಬಿ ತಳ ಕಂಡಿದ್ದನ್ನು ನೋಡಿ ಗಂಡನ ಮೇಲೆ ಹಾರಾಡಿದೆ. ಅಡುಗೆಮನೆಗೆ ಕಾಲೇ ಇಡದ ಮನುಷ್ಯ ಅರಿಶಿಣ ತಗೊಂಡು ಏನು ಮಾಡಿಯಾರು ಎಂದು ಯೋಚಿಸುವಷ್ಟು ವ್ಯವಧಾನ ನನ್ನ ಸಿಟ್ಟಿಗೆ ಇಲ್ಲ.

ಶನಿವಾರ ಅಳಿಯನ ಮುಂದೆ ಮರ್ಯಾದೆ ಉಳಿಸಲು ಕೋಳಿಗೂಡನ್ನು ಸಾರಿಸಿ ಗುಡಿಸಿದೆ. ಗೋಡೆಗೆ ಸುಣ್ಣ ಬಳಿದು, ನೆಲಕ್ಕೂ ಒದ್ದೆ ಇರುವಾಗಲೇ ಸುಣ್ಣದ ಪುಡಿ ಉದುರಿಸಿದೆ. ರೋಗ ಹತ್ತಿರ ಸುಳಿಯುವುದಿಲ್ಲ. ಅರ್ಧ ಆರಿದ ಮೇಲೆ, ಹೊತ್ತು ಮುಳುಗುವ ಮುಂಚೆ ಎಲ್ಲವನ್ನೂ ಒಳಗೆ ಅಟ್ಟಿ ಬಾಗಿಲು ಹಾಕಿದೆ.

ಐತವಾರ ಬೆಳಕು ಹರಿದಾಗ ಗಂಡ ಕೈ ಚಾಚಿಕೊಂಡು ಗೂಡಿನ ಮುಂದೆ ನಿಂತಿದ್ದರು. ನಾನು ಬಾಗಿಲು ತೆಗೆದೆ. ಹುಂಜ ಬಂತು, ಒಂದೊಂದಾಗಿ ಕೋಳಿಗಳು ಬಂದವು, ಎಲ್ಲವುಗಳ ಪಾದಕ್ಕೂ ಬಿಳಿ ಸುಣ್ಣ. ಕೊನೆಗೆ ಕುಂಟಿ ಕಾಲೆಳೆಯುತ್ತ ಹೊರಗೆ ಬಂತು.

ಅದರ ಕಾಲು ಕೆಂಪಗಿದ್ದವು.

ಕೆಂಪು ಅಂದರೆ ಅಷ್ಟಿಷ್ಟಲ್ಲ. ಮದುಮಗಳು ಆರತಿ ನೀರಲ್ಲಿ ಕಾಲಿಟ್ಟು ಹೊಸ್ತಿಲು ದಾಟಿದ ಹಾಗೆ, ಉಗುರಿನ ತುದಿಯಿಂದ ಮೊಣಕಾಲವರೆಗೆ ಕೆಂಪೋ ಕೆಂಪು. ಗಂಡ ಎರಡು ಹೆಜ್ಜೆ ಹಿಂದೆ ಸರಿದು, "ಏ, ಇದಕ್ಕೇನ ರೋಗ ಬಂತಬೇ!" ಎಂದರು. ನನ್ನ ಸರ್ಟಿಫಿಕೇಟಿನಲ್ಲಿ ಕೆಂಪು ಕಾಲಿನ ಪಾಠವೇ ಇರಲಿಲ್ಲ. ಆಮೇಲೆ ಹೊಳೆಯಿತು. ಸುಣ್ಣ. ಸುಣ್ಣ ತಾಗಿದರೆ ಕೆಂಪಾಗುವುದು ಏನು? ಹುಟ್ಟಿದಾಗಿನಿಂದ ಎಷ್ಟು ಆರತಿ ತಟ್ಟೆ ಕಲಸಿದ್ದೇನೋ ನಾನು, ಅರಿಶಿಣದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಬೆರಳಾಡಿಸಿ!

"ಅತ್ತೀ!" ಎಂದು ಕಿರುಚಿದೆ. "ಕುಂಟಿ ಕಾಲಿಗೆ ಅರಿಶಿಣ ಹಚ್ಚಾಕತ್ತೀರೇನ್ರೀ ನೀವು?"

ಅತ್ತೆ ಕಟ್ಟೆಗೆ ಬಂದು ಕೂತರು. ಮುಖ ಅತ್ತ ತಿರುಗಿಸಿಕೊಂಡೇ, "ಹೌದವಾ. ದಿನಾ ಹಚ್ತೇನಿ. ನೀ ಬೈತಿ ಅಂತ ನೀ ನೀರ ಹಿಡಿಯಾಕ ಹೋದಾಗ ಹಚ್ತೇನಿ. ಅದಕ್ಕೂ ಕಾಲ ನೋಯ್ತಾವು," ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನನ್ನ ಇಡೀ ಶಾಸ್ತ್ರ ಅತ್ತೆಯ ಎಣ್ಣೆ ಡಬ್ಬಿಯಲ್ಲಿ ಮುಳುಗಿಹೋಗಿತ್ತು. ಗಂಡನಿಗೆ ಇದಾವುದೂ ಅರ್ಥವಾಗದೆ, "ಹಂಗಾರ ಕುಂಟಿ ತತ್ತಿ ಇಡ್ತೈತೊ ಇಲ್ಲೊ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು.

"ಬುಟ್ಟ್ಯಾಗ ಮುಚ್ಚಿ ನೋಡ್ರಿ," ಎಂದರು ಅತ್ತೆ.

ಕುಂಟಿಯನ್ನು ಬುಟ್ಟಿಯಡಿ ಮುಚ್ಚಿದೆವು. ನಾನು ಮಸಾಲೆ ಅರೆಯಲು ಹೋಗಿ ಎರಡು ಸಲ ಬಂದು ನೋಡಿದೆ, ಮೂರನೇ ಸಲ ಬುಟ್ಟಿಯೊಳಗಿಂದ ಊರಿಗೆಲ್ಲ ಕೇಳುವಂತೆ ಕೊಕ್ಕೊಕ್ಕೋ ಎಂದು ಕೂಗಿತು. ಎತ್ತಿದರೆ ತತ್ತಿ! ಬೆಚ್ಚಗೆ, ಕಂದು ಬಣ್ಣದ್ದು, ನನ್ನ ಅಂಗೈ ತುಂಬುವಷ್ಟು. ಅದನ್ನು ಎತ್ತಿಹಿಡಿದು ಹಿತ್ತಲ ತುಂಬ ಕುಣಿದೆ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, ಮಗಳಿಗೆ ಏನಾದರೂ ವಿಶೇಷವೇ ಎಂದು ಕೇಳಿದರು. ಕುಂಟಿ ತತ್ತಿ ಇಟ್ಟಿತು ಎಂದೆ. ಅವರು ಸರಕ್ಕನೆ ತಲೆ ಒಳಗೆ ತಗೊಂಡರು.

ಆದರೆ ಗಂಡನ ಕೈ ಇನ್ನೂ ಖಾಲಿ ಇತ್ತು. ಅಳಿಯ ಬಸ್ಸು ಹತ್ತಿದ್ದೇನೆ ಎಂದು ಫೋನ್ ಮಾಡಿದ್ದ. ಸೋತ ಮೇಲೆ ಕೇಳುವುದಕ್ಕೇನು ನಾಚಿಕೆ ಎಂದು ಅತ್ತೆಯನ್ನೇ ಕೇಳಿದೆ: "ನೀವ ನೋಡಿ ಹೇಳ್ರಿ ಅತ್ತೀ, ಯಾವಾಕಿ ಇಡಾಕತ್ತಿಲ್ಲ?"

ಅತ್ತೆ ಒಂದೊಂದು ಕೋಳಿಯನ್ನು ತೊಡೆಯ ಮೇಲೆ ತಗೊಂಡು, ಬಾಲದ ಕೆಳಗಿನ ಎರಡು ಎಲುಬಿನ ನಡುವೆ ಬೆರಳಿಟ್ಟರು. ಮೂರು ಬೆರಳು ಹಿಡಿಸಿದರೆ ತತ್ತಿ ಇಡುವ ಕೋಳಿ, ಒಂದೇ ಬೆರಳಾದರೆ ಇಲ್ಲ. ಚಹಾದ ಸಾಲಿನಲ್ಲಿ ನಾನು ಕಳೆದುಕೊಂಡ ಪಾಠ ಇದೇ ಇರಬೇಕು. ಕುಂಟಿಗೆ ಮೂರು ಬೆರಳು ಸಲೀಸು. ಉಳಿದವಕ್ಕೂ ಮೂರು, ಎರಡೂವರೆ. ಕೊನೆಗೆ ಪಟ್ಟದರಾಣಿ. ಅತ್ತೆ ಒಂದೇ ಬೆರಳಿಟ್ಟು ನನ್ನ ಮುಖ ನೋಡಿದರು.

ಬಗ್ಗಿ ಎರಡೂ ಕೈಯಿಂದ ಅದರ ಕಾಲು ಒರೆಸಿದೆ. ಸುಣ್ಣ ಹೋದ ಕಡೆ ತಣ್ಣನೆಯ, ಅಚ್ಚುಕಟ್ಟಾದ ಹಳದಿ. ಅದು ಕೆಂಪಾಗಿರಲಿಲ್ಲ. ಮೈತುಂಬ ಹೊಸ ಪುಕ್ಕ ಬರಿಸಿಕೊಂಡು ಮೆರೆಯುವ ಕೋಳಿ ತತ್ತಿಗೆ ರಜೆ ಹಾಕಿರುತ್ತದೆ, ಮೈ ಸವೆಸಿ ತತ್ತಿ ಇಡುವುದು ಹರಿದ ಬಾಲದ ಕುಂಟಿಯಂಥದ್ದು. ಇದನ್ನೂ ತರಬೇತಿಯಲ್ಲಿ ಹೇಳಿದ್ದರು, ಬರೆದುಕೊಂಡೂ ಇದ್ದೆ. ನನ್ನ ಕೋಳಿಗೆ ಅದು ಅನ್ವಯಿಸುತ್ತದೆ ಎಂದು ಮಾತ್ರ ಅನಿಸಿರಲಿಲ್ಲ.

ಆಡಿದ ಮಾತಿನಂತೆ ನಡೆಯಬೇಕಲ್ಲ. ಪಟ್ಟದರಾಣಿಯನ್ನು ಕಂಕುಳಲ್ಲಿ ಎತ್ತಿಕೊಂಡು ಗಂಡನ ಕಡೆ ಹೊರಟೆ. ಅತ್ತೆ ಹಿಂದಿನಿಂದ, "ಯವ್ವಾ, ನಿಂದ್ರು," ಎಂದರು.

ತಿರುಗಿದೆ. ಅವರು ಸೀರೆಯನ್ನು ಮೊಣಕಾಲವರೆಗೆ ಸರಿಸಿ ಎರಡೂ ಕಾಲು ಮುಂದೆ ಚಾಚಿ ಕೂತಿದ್ದರು. ಕಾಲು ಹಳದಿಯಾಗಿದ್ದವು. ಕುಂಟಿಗೆ ಹಚ್ಚಿ ಉಳಿದ ಎಣ್ಣೆಯನ್ನು ತಮಗೆ ಹಚ್ಚಿಕೊಳ್ಳುತ್ತಿದ್ದರೋ, ತಮಗೆ ಹಚ್ಚಿ ಉಳಿದದ್ದನ್ನು ಅದಕ್ಕೋ, ನನಗೆ ಗೊತ್ತಿಲ್ಲ. ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದು ನಾನು ಕೋಳಿಯ ಕಾಲನ್ನಷ್ಟೇ ನೋಡಿದ್ದೆ.

"ನನ್ನ ಕಾಲೂ ಹಳದಿ ಅದಾವ ನೋಡವಾ," ಎಂದರು. "ನಾನೂ ತತ್ತಿ ಇಡೂದ ಬಿಟ್ಟೇನಿ. ಕೂತು ತಿನ್ನಾಕತ್ತ ಆರ ವರ್ಷಾತು. ಸರತೀಲೆ ಹೋಗೂದಾದ್ರ ಮೊದ್ಲ ನನ್ನ ಪಾಳಿ ಬರ್ತೈತಿ. ನನ್ನ ಬಿಟ್ಟು ಅದನ್ಯಾಕ ಒಯ್ತಿ?"

ಬಾಯಲ್ಲಿ ನಗೆ ಇತ್ತು, ಗದ್ದ ಮಾತ್ರ ನಡುಗುತ್ತಿತ್ತು. ಶುಕ್ರವಾರದ ನನ್ನ ಕೂಗು ಅದೇ ಹಿತ್ತಲಲ್ಲಿ ನನ್ನ ಕಿವಿಗೇ ವಾಪಸು ಬಂತು. ಕೋಳಿಯನ್ನು ಬಿಟ್ಟುಬಿಟ್ಟೆ. ಓಡಿಹೋಗಿ ಅವರ ಮೊಣಕಾಲು ಹಿಡಿದುಕೊಂಡು, "ತಪ್ಪಾತ್ರಿ ಅತ್ತೀ, ನನ್ನ ಬಾಯಿಗೆ ಬೆಂಕಿ ಬೀಳ್ಲಿ," ಎಂದು ಅತ್ತುಬಿಟ್ಟೆ. ಅಳುತ್ತಲೇ ನೋಡಿದರೆ ನನ್ನ ಕೈಯ ಸುಣ್ಣ ತಾಗಿ ಅವರ ಎರಡೂ ಮೊಣಕಾಲ ಮೇಲೆ ನನ್ನ ಹತ್ತು ಬೆರಳು ಕೆಂಪಗೆ ಮೂಡಿದ್ದವು. ಅತ್ತೆ ಅದನ್ನು ನೋಡಿದರು, ನಾನು ಅವರನ್ನು ನೋಡಿದೆ. ಮುಂದಿನದು ಬರೀ ನಗು. ಹೊಟ್ಟೆ ಹಿಡಿದುಕೊಂಡು, ಒಬ್ಬರ ಮೇಲೊಬ್ಬರು ಬಿದ್ದು, ಉಸಿರು ಸಿಕ್ಕದಷ್ಟು ನಕ್ಕೆವು.

"ಕೋಳಿ ಎಲ್ಲಿ?" ಎಂದು ಗಂಡ ಬಂದರು.

"ಈ ಮನ್ಯಾಗ ಯಾರನ್ನೂ ಕೊಯ್ಯೂದಿಲ್ರಿ," ಎಂದೆ.

ಅಳಿಯನಿಗೆ ಹೊಸ್ತಿಲಲ್ಲಿ ಆರತಿ ಎತ್ತಿದವರು ಅತ್ತೆ. ತಟ್ಟೆಯ ಕೆಂಪು ನೀರು ನೋಡಿ ನನಗೆ ಮತ್ತೆ ನಗು ಬಂತು, ಮಗಳು ಗಾಬರಿಯಾದಳು. ಊಟಕ್ಕೆ ತತ್ತಿಯ ಸಾರು, ರೊಟ್ಟಿ, ಶೇಂಗಾ ಚಟ್ನಿ. ಅಳಿಯ ಐದು ತತ್ತಿ ತಿಂದು, ಇಷ್ಟು ರುಚಿಯ ತತ್ತಿ ಯಾವ ಕೋಳಿಯದು ಎಂದು ಕೇಳಿದ. ಗಂಡ ಗಂಭೀರವಾಗಿ ಹಿತ್ತಲ ಕಡೆ ಕೈ ಮಾಡಿ, "ಅಗಾ ಅಲ್ಲಿ, ಕೆಂಪ ಕಾಲಿಂದು," ಎಂದರು. ಅಳಿಯ ಅದೊಂದು ಹೊಸ ತಳಿ ಎಂದು ಇವತ್ತಿಗೂ ನಂಬಿದ್ದಾನೆ.

ಪಟ್ಟದರಾಣಿ ತಿಂಗಳೊಪ್ಪತ್ತು ಕಳೆದು ಮತ್ತೆ ತತ್ತಿ ಇಡತೊಡಗಿತು, ಕಾಲೂ ಬಿಳಚಿತು. ಸರ್ಟಿಫಿಕೇಟು ಇನ್ನೂ ಗೋಡೆಯ ಮೇಲಿದೆ. ಈಗ ಅರಿಶಿಣ ಎರಡು ಡಬ್ಬಿ ತರಿಸುತ್ತೇನೆ. ಬೆಳಗ್ಗೆ ಕೋಳಿಗಳಿಗೆ ನೀರಿಟ್ಟು, ಕಟ್ಟೆಯ ಹತ್ತಿರ ಕೂತು ಮೊದಲು ಅತ್ತೆಯ ಕಾಲಿಗೆ, ಆಮೇಲೆ ಕುಂಟಿಯ ಕಾಲಿಗೆ ನಾನೇ ಎಣ್ಣೆ ಹಚ್ಚುತ್ತೇನೆ.