ಹೊಸ ಶೆಲ್ ಓದದ ಸಾಲು

ಹೆಬ್ಬೂರಿನ ಹತ್ತಿರ ಖಾಸಗಿಯವರ ಹಾಲು ಶೀತಲೀಕರಣ ಕೇಂದ್ರವೊಂದಿದೆ. ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಮರಳೂರಿನಿಂದ ದಿನಾ ಬಸ್ಸಿನಲ್ಲಿ ಹೋಗುತ್ತೇನೆ. ನನಗೆ ಕೆಲಸ ಕಲಿಸಿದವರು ಸಿ.ಎಸ್. ಪುರದ ಹಿರಿಯ ಆಪರೇಟರ್. ಟ್ಯಾಂಕಿನ ಹಾಲು ಬಿಸಿಯೇರಿದರೆ ನಮ್ಮೆಲ್ಲರ ಮೊಬೈಲಿಗೆ ಮೆಸೇಜ್ ಹೋಗುವಂತೆ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಆದೇಶಗಳ ಪಟ್ಟಿ, ಬರೆದಿಟ್ಟವರೂ ಅವರೇ.

ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದವಳು ನಾನು. ಬರೆದಿಟ್ಟ ಆದೇಶಗಳನ್ನು ಓದಿ ನಡೆಸುವ ಶೆಲ್ ಅದರಲ್ಲಿ ಬೇರೆಯದಿತ್ತು.

"ಹಳೇ ಸ್ಕ್ರಿಪ್ಟೆಲ್ಲ ಒಂದ್ಸಲ ಓಡ್ಸಿ ನೋಡಮ್ಮ" ಎಂದರು ಅವರು.

ಓಡಿಸಿದೆ. ಯಾವುದೂ ನಿಲ್ಲಲಿಲ್ಲ.

"ಎಲ್ಲಾ ಓಡ್ತಿದಾವೆ ಸಾರ್" ಎಂದೆ. ಟ್ಯಾಂಕು ಆಗ ತಣ್ಣಗಿತ್ತು. ಬಿಸಿಯೇರಿದರೆ ಏನಾಗುತ್ತದೆಂದು ಪರೀಕ್ಷಿಸುವ ಗೋಜಿಗೆ ನಾನು ಹೋಗಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಕೂಲರ್ ಕೆಟ್ಟು ನಿಂತಿತು. ಯಾರಿಗೂ ಮೆಸೇಜ್ ಬರಲಿಲ್ಲ. ಸಂಜೆ ಮುಚ್ಚಳ ತೆಗೆದಾಗ ಹುಳಿ ವಾಸನೆ. ಸುತ್ತಲ ಹಳ್ಳಿಗಳ ಹಾಲೆಲ್ಲ ಚರಂಡಿಗೆ ಹೋಯಿತು. ಕ್ಯಾನ್ ಹಿಡಿದು ಬಂದಿದ್ದ ಹೆಂಗಸೊಬ್ಬಳು ಅದನ್ನು ನೋಡಿ ಬಂದ ದಾರಿಯಲ್ಲೇ ಹಿಂತಿರುಗಿದಳು.

ಕಂಪ್ಯೂಟರ್ ತನ್ನ ಕೆಲಸದ ದಾಖಲೆ ಬರೆದಿಡುವ ಲಾಗ್ ಫೈಲ್ ತೆರೆದೆ. ಸ್ಕ್ರಿಪ್ಟಿನ ತಾಪಮಾನ ಹೋಲಿಸುವ ಸಾಲಿನಲ್ಲಿ ಹಿರಿಯರು ಜೋಡಿ ಬ್ರಾಕೆಟ್ ಬಳಸಿದ್ದರು. ಹಳೆಯ ಶೆಲ್‌ಗೆ ಅದು ಗೊತ್ತಿತ್ತು, ಹೊಸದಕ್ಕೆ ಗೊತ್ತಿಲ್ಲ. ಗೊತ್ತಿಲ್ಲವೆಂದು ನಿಮಿಷಕ್ಕೊಮ್ಮೆ ಲಾಗಿನಲ್ಲಿ ಬರೆದು, ಹಾಲು ತಣ್ಣಗಿದೆ ಎಂಬ ಲೆಕ್ಕದಲ್ಲೇ ಮುಂದೆ ಹೋಗಿತ್ತು. ವಾರಗಟ್ಟಲೆ. ನಾನು ಒಂದು ದಿನವೂ ಅದನ್ನು ಓದಿರಲಿಲ್ಲ.

"ಆ ಸಿ.ಎಸ್. ಪುರದ ಯಜಮಾನ್ರು ಬರ್ದಿದ್ ಸ್ಕ್ರಿಪ್ಟ್ ತಾನೆ ಕೈಕೊಟ್ಟಿದ್ದು?" ಎಂದು ಮ್ಯಾನೇಜರ್ ಕೇಳಿದರು.

"ಹೌದು ಸಾರ್" ಎಂದೆ. ಶೆಲ್ ಬದಲಾಗಿದ್ದು ನನ್ನಿಂದ ಎಂದು ಹೇಳಲಿಲ್ಲ. ಕಾಂಟ್ರಾಕ್ಟಿನ ಮೇಲಿದ್ದ ಹಿರಿಯ ಆಪರೇಟರಿಗೆ ಮರುದಿನದಿಂದ ಬರಬೇಡಿ ಎಂದು ಮ್ಯಾನೇಜರ್ ಹೇಳಿದರು.

ತಿಂಗಳಾದ ಮೇಲೆ ಸಿ.ಎಸ್. ಪುರದ ಅವರ ಮನೆಗೆ ಹೋದೆ. ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ.

"ಯಾವ್ ಲೈನಮ್ಮ ಅದು?" ಎಂದು ಕೇಳಿದರು.

ಹೇಳಿದೆ. ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು. "ಹಳೇ ಶೆಲ್ಲೂ ಹೊಸ ಸಿಸ್ಟಮ್ಮಲ್ಲಿ ಇರ್ತೈತೆ. ಸ್ಕ್ರಿಪ್ಟ್ ಮೇಲ್ಗಡೆ ಅದ್ರ ಹೆಸ್ರು ಬರ್ದಿದ್ರೆ ಸಾಕಿತ್ತು ಕಣಮ್ಮ, ಅದ್ರಲ್ಲೇ ಓಡೋದು. ನಾನೂ ಬರ್ದಿರ್ಲಿಲ್ಲ."

"ಮ್ಯಾನೇಜರಿಗೆ ನಿಜ ಹೇಳ್ತೀನಿ ಸಾರ್."

"ಇನ್ಯಾಕೆ, ಬುಡು" ಎಂದು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ಅವರ ಹೆಂಡತಿ ಬಾಗಿಲಿಗೆ ಬಂದು, "ನಿಮ್ ಬಸ್ ಹೊರಡೋ ಹೊತ್ತಾಯ್ತು" ಎಂದರು.

ಮರುದಿನ ಮ್ಯಾನೇಜರಿಗೆ ಎಲ್ಲ ಹೇಳಿದೆ. ಅವರು ಮೊಬೈಲಿನಿಂದ ತಲೆ ಎತ್ತಲಿಲ್ಲ. "ಆಗೋಯ್ತಲ್ಲ ಮೇಡಂ, ಈಗ ಮೆಸೇಜ್ ಬರ್ತೈತಲ್ಲ?"

ಬರುತ್ತಿತ್ತು; ಆ ಸಾಲನ್ನು ನಾನೇ ತಿದ್ದಿದ್ದೆ. ಹಿರಿಯ ಆಪರೇಟರನ್ನು ಯಾರೂ ಮತ್ತೆ ಕೆಲಸಕ್ಕೆ ಕರೆಯಲಿಲ್ಲ.